ಮಾನ್ಯ ಸಚಿವರು ಉತ್ತರಿಸುವರೇ?

ಶಾಸನಸಭೆ ಎಂದೊಡನೆ ನಮ್ಮಲ್ಲಿ ಹಲವರ ಕಣ್ಣ ಮುಂದೆ ಬರುವುದು ಗದ್ದಲದ ಚಿತ್ರ. ಸದಸ್ಯರು ಪೀಠದ ಮುಂದೆ ಧರಣಿ ಕುಳಿತಿರುತ್ತಾರೆ. ಕಾಗದ ಹರಿದು ತೂರುತ್ತಾರೆ. ಸಭಾಧ್ಯಕ್ಷರು ಸಮಾಧಾನ ಹೇಳಿ ಹೇಳಿ ಸೋತು ಕಲಾಪ ಮುಂದೂಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ದೊಡ್ಡ ಚಿತ್ರವಾಗಿ ಬರುವುದೂ ಇದೇ. ಆದರೆ ಅದೇ ಸದನದಲ್ಲಿ, ಅದೇ ದಿನ, ಸದ್ದಿಲ್ಲದೆ ಇನ್ನೊಂದು ಕೆಲಸವೂ ನಡೆದಿರುತ್ತದೆ. ಶಾಸಕರೊಬ್ಬರು ಹದಿನೈದು ದಿನ ಮೊದಲೇ ಬರೆದು ಕೊಟ್ಟ ಪ್ರಶ್ನೆಗೆ ಇಲಾಖೆಯೊಂದು ಕಡತಗಳನ್ನು ತಿರುವಿ, ಜಿಲ್ಲೆಗಳಿಂದ ಅಂಕಿ ತರಿಸಿ, ಸಚಿವರ ಸಹಿಯೊಡನೆ ಉತ್ತರ ಕೊಟ್ಟಿರುತ್ತದೆ. ಈ ಉತ್ತರ ಸದನದ ದಾಖಲೆಗೆ ಸೇರುತ್ತದೆ. ಮುಂದೆ ಸರ್ಕಾರ ಬದಲಾದರೂ, ಸಚಿವರು ಬದಲಾದರೂ ಅದನ್ನು ಅಳಿಸಲು ಬರುವುದಿಲ್ಲ.

ಮೂವತ್ತು ವರ್ಷಗಳಿಂದ ವಿಜ್ಞಾನ ಪಾಠ ಹೇಳುತ್ತಿರುವ ನನಗೆ ಈ ಪ್ರಶ್ನೋತ್ತರಗಳನ್ನು ಓದುವುದು ಒಂದು ಹವ್ಯಾಸ. ಪ್ರಯೋಗಶಾಲೆಗೂ ಸದನಕ್ಕೂ ಈ ವಿಷಯದಲ್ಲಿ ಹೋಲಿಕೆಯಿದೆ. ಎರಡೂ ಕಡೆ ಪ್ರಶ್ನೆ ಸಡಿಲವಾಗಿದ್ದರೆ ಉತ್ತರವೂ ಸಡಿಲ. ಪ್ರಶ್ನೆಯಲ್ಲಿ ಅಳತೆ ಇದ್ದರೆ ಉತ್ತರದಲ್ಲೂ ಅಳತೆ ಬರಲೇಬೇಕು. ಜನಕಲ್ಯಾಣ, ಸಾರಿಗೆ, ಪರಿಸರ ಈ ಮೂರು ಇಲಾಖೆಗಳಿಗೆ ಸಂಬಂಧಿಸಿದ ಮೂರು ಪ್ರಶ್ನೆಗಳ ಕಥೆಯನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಮೂರೂ ಜೀವಗಳಿಗೆ ಸಂಬಂಧಿಸಿದವು.

ಹಕ್ಕು ಬಂದ ಬಗೆ

ಅದಕ್ಕೂ ಮುನ್ನ ಸ್ವಲ್ಪ ಇತಿಹಾಸ. ನಮ್ಮ ದೇಶದ ಶಾಸನ ಪರಿಷತ್ತಿನಲ್ಲಿ ಸರ್ಕಾರವನ್ನು ಪ್ರಶ್ನಿಸುವ ಹಕ್ಕು ದೊರೆತದ್ದು 1892ರ ಕಾಯ್ದೆಯಿಂದ. ಮೊದಲ ಪ್ರಶ್ನೆ ಬಂದದ್ದು 1893ರ ಫೆಬ್ರುವರಿಯಲ್ಲಿ. ಕೇಳಿದವರು ಭಿಂಗಾದ ರಾಜರು. ಪ್ರಶ್ನೆಯ ವಿಷಯವೇನು ಬಲ್ಲಿರಾ? ಸರ್ಕಾರಿ ಅಧಿಕಾರಿಗಳು ಪ್ರವಾಸ ಬಂದಾಗ ಅವರಿಗೆ ಬೇಕಾದ ಸಾಮಗ್ರಿ ಒದಗಿಸಬೇಕಾಗಿ ಬಂದು ಹಳ್ಳಿಯ ಅಂಗಡಿಯವರು ಪಡುತ್ತಿದ್ದ ಕಷ್ಟ! ಕೇಳಿದವರು ರಾಜರಾದರೂ ಕೇಳಿದ್ದು ಸಣ್ಣ ಅಂಗಡಿಯವನ ಪರವಾಗಿ.

ಆದರೆ ಆಗ ಒಂದು ಕೊರತೆಯಿತ್ತು. ಸರ್ಕಾರ ಕೊಟ್ಟ ಉತ್ತರವನ್ನು ಕೇಳಿಸಿಕೊಂಡು ಸುಮ್ಮನೆ ಕುಳಿತುಕೊಳ್ಳಬೇಕಿತ್ತು. 'ಹಾಗಾದರೆ ಇದು ಹೇಗೆ?' ಎಂದು ಮರುಪ್ರಶ್ನೆ ಹಾಕುವಂತಿರಲಿಲ್ಲ. ಉಪಪ್ರಶ್ನೆಯ ಹಕ್ಕು ಬಂದದ್ದು 1909ರಲ್ಲಿ. ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲೂ ಊರೂರಿನ ಪ್ರತಿನಿಧಿಗಳು ದಿವಾನರ ಮುಂದೆ ಜನರ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು.

ಈಗಿನ ಕ್ರಮ ಹೀಗಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ನಿಂತು ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಪ್ರಶ್ನೆ 150 ಪದಗಳನ್ನು ಮೀರುವಂತಿಲ್ಲ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವ ನಮ್ಮ ವಿದ್ಯಾರ್ಥಿಗಳು ಈ ಮಿತಿಯನ್ನು ಗಮನಿಸಬೇಕು.

ಒಂದು ಪದ, ಮುನ್ನೂರ ನಲವತ್ತು ಜೀವ

ಮೊದಲ ಕಥೆ ಜನಕಲ್ಯಾಣದ್ದು. 2021ರ ಜುಲೈ 28ರಂದು ರಾಜ್ಯಸಭೆಯಲ್ಲಿ ಇಬ್ಬರು ಕನ್ನಡಿಗ ಸದಸ್ಯರ ಪ್ರಶ್ನೆಯೊಂದಕ್ಕೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು. ಕೇಳಿದವರು ಮಲ್ಲಿಕಾರ್ಜುನ ಖರ್ಗೆ ಮತ್ತು ಕವಿ ಎಲ್. ಹನುಮಂತಯ್ಯ. ಹಿಂದಿನ ಐದು ವರ್ಷಗಳಲ್ಲಿ ಮಲ ಹೊರುವ ಕೆಲಸದಿಂದ ಎಷ್ಟು ಜನ ಸತ್ತಿದ್ದಾರೆ ಎಂಬುದು ಪ್ರಶ್ನೆ. ಅಂಥ ಯಾವುದೇ ಸಾವು ವರದಿಯಾಗಿಲ್ಲ ಎಂಬುದು ಉತ್ತರ.

ದೇಶವೇ ಬೆರಗಾಯಿತು. ಏಕೆಂದರೆ ಅದೇ ವರ್ಷದ ಫೆಬ್ರುವರಿಯಲ್ಲಿ ಇದೇ ಸಚಿವಾಲಯ ಲೋಕಸಭೆಗೆ ಬೇರೆಯದೇ ಲೆಕ್ಕ ಕೊಟ್ಟಿತ್ತು. 2020ರ ಡಿಸೆಂಬರ್ ಕೊನೆಯವರೆಗಿನ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳನ್ನು ಶುಚಿ ಮಾಡುವಾಗ 340 ಜನ ಸತ್ತಿದ್ದಾರೆ ಎಂದಿತ್ತು. ಆರೇ ತಿಂಗಳಲ್ಲಿ 340 ಸೊನ್ನೆಯಾದದ್ದು ಹೇಗೆ?

ಗುಟ್ಟು ಇರುವುದು ಕಾಯ್ದೆಯ ಪರಿಭಾಷೆಯಲ್ಲಿ. ಇದಕ್ಕೆ ಸಂಬಂಧಿಸಿದ 2013ರ ಕಾಯ್ದೆಯಲ್ಲಿ ಎರಡು ಪ್ರತ್ಯೇಕ ವ್ಯಾಖ್ಯೆಗಳಿವೆ. ಒಣ ಪಾಯಿಖಾನೆ, ತೆರೆದ ಚರಂಡಿ, ಗುಂಡಿಗಳಿಂದ ಮಲವನ್ನು ಕೈಯಿಂದ ಎತ್ತಿ ಸಾಗಿಸುವವರದು ಒಂದು. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲ್‌ಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 'ಅಪಾಯಕಾರಿ ಶುಚೀಕರಣ' ಎಂದು ಕರೆದಿರುವುದು ಇನ್ನೊಂದು. ಎರಡೂ ನಿಷಿದ್ಧ. ಆದರೆ ಮೊದಲನೆಯ ಹೆಸರಿನಲ್ಲಿ ಸಾವಿನ ಲೆಕ್ಕ ಕೇಳಿದರೆ ಎರಡನೆಯ ಕಪಾಟು ತೆರೆಯುವುದಿಲ್ಲ! ಕೆಲಸ ಮಾಡುವವನಿಗೆ ಈ ಭೇದ ಗೊತ್ತಿಲ್ಲ. ಅವನ ಮನೆಯವರಿಗಂತೂ ಗೊತ್ತೇ ಇಲ್ಲ. ಕಡತಕ್ಕೆ ಮಾತ್ರ ಗೊತ್ತು.

ಇಲ್ಲಿ ಒಂದಿಷ್ಟು ರಸಾಯನಶಾಸ್ತ್ರ ಹೇಳಬೇಕು. ಗಾಳಿಯಾಡದ ಟ್ಯಾಂಕಿನಲ್ಲಿ ಮಲ ಕೊಳೆತಾಗ ಬ್ಯಾಕ್ಟೀರಿಯಾಗಳು ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳನ್ನು ಉಂಟುಮಾಡುತ್ತವೆ. ಹೈಡ್ರೋಜನ್ ಸಲ್ಫೈಡಿನ ಅಣುತೂಕ 34. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಗಾಳಿಗಿಂತ ಭಾರವಾದ್ದರಿಂದ ಅದು ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಅಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಿದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದ ಎರಡನೆಯವನೂ ಬರುವುದಿಲ್ಲ. ದೀಪ ಇಳಿಬಿಟ್ಟು ಪರೀಕ್ಷಿಸೋಣವೆಂದರೆ ಮೀಥೇನ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಈ ಕೆಲಸ ಯಂತ್ರದ್ದೇ ಹೊರತು ಮನುಷ್ಯನದಲ್ಲ.

ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ನಿಷೇಧಿಸಿದ್ದರು. ಅಷ್ಟು ಹಿಂದೆಯೇ ಕಣ್ತೆರೆದ ನಾಡಿನ ಪ್ರತಿನಿಧಿಗಳಿಗೆ ಸೊನ್ನೆಯ ಉತ್ತರ ಬಂದದ್ದು ವಿಪರ್ಯಾಸ. ಹಾಗೆಂದು ಆ ಪ್ರಶ್ನೆ ವ್ಯರ್ಥವಾಗಲಿಲ್ಲ. ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದರಿಂದಲೇ ವ್ಯಾಖ್ಯೆಯ ಈ ಬಿರುಕು ಊರಿಗೆಲ್ಲ ಕಾಣಿಸಿತು. ಲೆಕ್ಕಕ್ಕೆ ಸೇರುವುದು ಬರಿಯ ಅಂಕಿಯ ಮಾತೂ ಅಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವು ಪಟ್ಟಿಗೆ ಸೇರದಿದ್ದರೆ ಆ ಹಣ ಯಾರ ಮನೆ ಬಾಗಿಲಿಗೆ ಹೋದೀತು?

ಯಾವ ಬಾಗಿಲು ತಟ್ಟಬೇಕು?

ಎರಡನೆಯದು ಸಾರಿಗೆಯ ಕಥೆ. 2020ರ ಕೊರೋನಾ ಲಾಕ್‌ಡೌನ್ ಯಾರಿಗೆ ಮರೆತೀತು? ಕೆಲಸ ಕಳೆದುಕೊಂಡ ವಲಸೆ ಕಾರ್ಮಿಕರು ಗಂಟುಮೂಟೆ ಹೊತ್ತು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿನ ಕಡೆ ನಡೆದರು. ಮೇ 1ರಿಂದ 'ಶ್ರಮಿಕ್ ವಿಶೇಷ' ರೈಲುಗಳು ಓಡತೊಡಗಿದವು. 60 ಲಕ್ಷಕ್ಕೂ ಹೆಚ್ಚು ಜನ ಅವುಗಳಲ್ಲಿ ಊರು ಸೇರಿದರು.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸತ್ತು ಸೇರಿದಾಗ ಸೋಂಕಿನ ಕಾರಣ ಹೇಳಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಉಳಿದದ್ದು ಲಿಖಿತ ಪ್ರಶ್ನೆಗಳು ಮಾತ್ರ. ಅಧಿವೇಶನದ ಮೊದಲ ದಿನವಾದ ಸೆಪ್ಟೆಂಬರ್ 14ರಂದು, ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು, ಪರಿಹಾರ ಕೊಟ್ಟಿದ್ದೀರಾ ಎಂಬ ಪ್ರಶ್ನೆಗೆ ಕಾರ್ಮಿಕ ಸಚಿವಾಲಯ ಉತ್ತರಿಸಿತು. ಅಂಥ ಅಂಕಿ ಅಂಶ ಇಟ್ಟಿಲ್ಲ. ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದಿತು. 'ಉದ್ಭವಿಸುವುದಿಲ್ಲ' ಎಂಬುದು ನಮ್ಮ ವಿಧಾನಸಭೆಯ ಉತ್ತರಗಳಲ್ಲೂ ಮೇಲಿಂದ ಮೇಲೆ ಕಾಣುವ ಮಾತು. ಒಂದೇ ಪದದಲ್ಲಿ ಬಾಗಿಲು ಹಾಕುವ ವಿದ್ಯೆ ಅದು.

ನಾಲ್ಕೇ ದಿನಗಳ ನಂತರ, ಸೆಪ್ಟೆಂಬರ್ 18ರಂದು, ರಾಜ್ಯಸಭೆಯ ಸದಸ್ಯ ಡೆರೆಕ್ ಒಬ್ರಿಯಾನ್ ಅವರ ಪ್ರಶ್ನೆಗೆ ರೈಲ್ವೆ ಸಚಿವಾಲಯ ಉತ್ತರಿಸಿತು. ರಾಜ್ಯಗಳ ಪೊಲೀಸರು ಕೊಟ್ಟ ಮಾಹಿತಿಯಂತೆ ಸೆಪ್ಟೆಂಬರ್ 9ರವರೆಗೆ ಶ್ರಮಿಕ್ ರೈಲುಗಳಲ್ಲಿ ಪ್ರಯಾಣಿಸುವಾಗ 97 ಜನ ಸತ್ತಿದ್ದರು. 87 ಶವಗಳನ್ನು ಮರಣೋತ್ತರ ಪರೀಕ್ಷೆಗೆ ಕಳಿಸಲಾಗಿತ್ತು. 51 ವರದಿಗಳು ಬಂದಿದ್ದವು. ಕಳೆದು ನೋಡಿದರೆ ಇನ್ನೂ 36 ವರದಿ ಬಾಕಿ ಎಂಬುದು ಶಾಲಾಮಕ್ಕಳಿಗೂ ತಿಳಿಯುತ್ತದೆ. ಮುಂದಿನ ಪ್ರಶ್ನೆ ಏನಿರಬೇಕೆಂಬುದನ್ನು ಉತ್ತರವೇ ತೋರಿಸಿಕೊಡುವುದು ಎಂದರೆ ಹೀಗೆ.

ಎರಡು ಪ್ರಶ್ನೆಗಳೂ ಪೂರ್ತಿ ಒಂದೇ ಅಲ್ಲ, ನಿಜ. ಮೊದಲನೆಯದು ರಸ್ತೆಯಲ್ಲಿ, ಹಳಿಯ ಮೇಲೆ, ಲಾರಿಯಲ್ಲಿ ಸತ್ತ ಎಲ್ಲರನ್ನೂ ಕುರಿತದ್ದು. ಎರಡನೆಯದು ಒಂದು ಬಗೆಯ ರೈಲಿಗೆ ಮಾತ್ರ ಸೀಮಿತ. ಆದರೆ ಆ ಸೀಮೆಯೇ ಅದರ ಬಲ. ರೈಲಿನಲ್ಲಿ ಒಬ್ಬರು ಸತ್ತರೆ ಮುಂದಿನ ನಿಲ್ದಾಣದಲ್ಲಿ ಪೊಲೀಸರು ಕಾಗದ ಬರೆಯಲೇಬೇಕು. ಕಾಗದ ಎಲ್ಲಿದೆಯೋ ಅಲ್ಲಿಗೆ ಪ್ರಶ್ನೆ ಹೋಯಿತು; ಅಂಕಿ ಹೊರಗೆ ಬಂತು. ರಸ್ತೆಯಲ್ಲಿ ನಡೆದು ನಡೆದು ಕುಸಿದವರ ಲೆಕ್ಕ ಮಾತ್ರ ಯಾವ ಸಚಿವಾಲಯದ ಕಪಾಟಿನಲ್ಲೂ ಒಟ್ಟಾಗಿ ಸಿಗಲಿಲ್ಲ. ಲೆಕ್ಕ ಇಟ್ಟಿಲ್ಲ ಎಂಬ ಉತ್ತರವೂ ದಾಖಲೆಯೇ. ಲೆಕ್ಕ ಇಡಬೇಕಾದವರು ಇಡಲಿಲ್ಲ ಎಂಬುದನ್ನು ಸರ್ಕಾರದ ಸಹಿಯೊಂದಿಗೇ ಅದು ಹೇಳುತ್ತದೆ.

ಭೋಪಾಲದ ಉತ್ತರ

ಮೂರನೆಯದು ಪರಿಸರದ ಕಥೆ. ಮೂರರಲ್ಲಿ ಅತ್ಯಂತ ದುಃಖದ್ದು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಕೀಟನಾಶಕ ತಯಾರಾಗುತ್ತಿತ್ತು. ಅದಕ್ಕೆ ಬೇಕಾದ ಮೀಥೈಲ್ ಐಸೋಸಯನೇಟ್ ಎಂಬ ವಿಷದ್ರವವನ್ನು ಅಲ್ಲಿಯೇ ತಯಾರಿಸಿ ದೊಡ್ಡ ಟ್ಯಾಂಕುಗಳಲ್ಲಿ ತುಂಬಿಡುತ್ತಿದ್ದರು. 1981ರ ಡಿಸೆಂಬರ್‌ನಲ್ಲಿ ಫಾಸ್ಜೀನ್ ಅನಿಲ ತಗುಲಿ ಅಲ್ಲಿನ ಕಾರ್ಮಿಕನೊಬ್ಬ ಸತ್ತ. ಮರುವರ್ಷವೂ ಸೋರಿಕೆಗಳಾದವು. ಭೋಪಾಲದ ಪತ್ರಕರ್ತ ರಾಜಕುಮಾರ ಕೇಸ್ವಾನಿ 1982ರಲ್ಲೇ ತಮ್ಮ ವಾರಪತ್ರಿಕೆಯಲ್ಲಿ ಎಚ್ಚರಿಕೆಯ ಲೇಖನಗಳನ್ನು ಬರೆದರು.

ಅದೇ 1982ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ ವಿಧಾನಸಭೆಯಲ್ಲಿ ಈ ವಿಷಯ ಎದ್ದಿತು. ಕಾರ್ಖಾನೆಯನ್ನು ಊರಿನ ನಡುವಿನಿಂದ ಬೇರೆಡೆಗೆ ಏಕೆ ಸಾಗಿಸಬಾರದು ಎಂಬ ಮಾತು ಬಂತು. ಅಂದಿನ ಕಾರ್ಮಿಕ ಸಚಿವರು ಕೊಟ್ಟ ಉತ್ತರವನ್ನು ಇಂದಿಗೂ ಜನ ನೆನೆಯುತ್ತಾರೆ. ಅದರ ತಾತ್ಪರ್ಯವಿಷ್ಟು: ಕಾರ್ಖಾನೆಗೆ 25 ಕೋಟಿ ರೂಪಾಯಿ ಬಂಡವಾಳ ಹೂಡಲಾಗಿದೆ, ಎತ್ತಿ ಇನ್ನೊಂದೆಡೆ ಇಡಲು ಅದೇನು ಸಣ್ಣ ಕಲ್ಲಲ್ಲ, ಭೋಪಾಲಕ್ಕೆ ಯಾವ ಅಪಾಯವೂ ಇಲ್ಲ.

ಎರಡು ವರ್ಷ ತುಂಬುವ ಮೊದಲೇ, 1984ರ ಡಿಸೆಂಬರ್ 2ರ ನಡುರಾತ್ರಿ, ಟ್ಯಾಂಕೊಂದಕ್ಕೆ ನೀರು ಸೇರಿ ಅದರಲ್ಲಿದ್ದ ಮೀಥೈಲ್ ಐಸೋಸಯನೇಟ್ ಕುದಿದು ಹೊರನುಗ್ಗಿತು. ಈ ದ್ರವ ಕುದಿಯಲು 39 ಡಿಗ್ರಿ ಸೆಲ್ಸಿಯಸ್ ಸಾಕು. ಅಂದರೆ ಬೇಸಿಗೆಯ ರಾಯಚೂರಿನ ಬಿಸಿಲು. ಅದನ್ನು ತಣ್ಣಗಿಡಬೇಕಾದ ಶೀತಕ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಅಣುತೂಕ 57, ಗಾಳಿಯ ಸುಮಾರು ಎರಡರಷ್ಟು ಭಾರ. ಆದ್ದರಿಂದ ಅನಿಲ ಮೇಲೇರಿ ಚದುರದೆ ನೆಲದ ಮಟ್ಟದಲ್ಲೇ ಹರಿದು, ಮಲಗಿದ್ದವರ ಗುಡಿಸಲುಗಳನ್ನು ಹೊಕ್ಕಿತು. ಸುಮಾರು 40 ಟನ್ ಅನಿಲ. ಮೊದಲ ಸರ್ಕಾರಿ ಲೆಕ್ಕದಲ್ಲಿ ಸತ್ತವರು 2,259. ಮುಂದೆ ಮಧ್ಯಪ್ರದೇಶ ಸರ್ಕಾರ ಒಪ್ಪಿದ ಸಂಖ್ಯೆ 3,787. ಬದುಕಿ ಉಳಿದೂ ಶ್ವಾಸಕೋಶ, ಕಣ್ಣು ಕಳೆದುಕೊಂಡವರು ಅದಕ್ಕಿಂತ ಎಷ್ಟೋ ಹೆಚ್ಚು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯಂತೆ, ನಮ್ಮ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ.

ಪ್ರಶ್ನೆ ಕೇಳಿದ್ದರಿಂದ ಏನು ಬಂತು, ಎಂದು ಯಾರಾದರೂ ಕೇಳಬಹುದು. ನಾನು ಆ ಉತ್ತರವನ್ನು ವಿಜ್ಞಾನದ ಮೇಷ್ಟರ ಕಣ್ಣಿನಿಂದ ನೋಡುತ್ತೇನೆ. ಅದರಲ್ಲಿ ರೂಪಾಯಿಯ ಲೆಕ್ಕವಿದೆ, ವಿಷದ ಲೆಕ್ಕವಿಲ್ಲ. ಎಷ್ಟು ಟನ್ ತುಂಬಿಟ್ಟಿದ್ದೀರಿ? ಯಾವ ಉಷ್ಣಾಂಶದಲ್ಲಿ? ಶೀತಕ ಯಂತ್ರವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಪರೀಕ್ಷಿಸಿದವರು ಯಾರು? ಸೋರಿದರೆ ಸುತ್ತಲಿನ ಜನ ಏನು ಮಾಡಬೇಕೆಂದು ಯಾರಾದರೂ ಹೇಳಿದ್ದಾರೆಯೇ? ಈ ಪ್ರಶ್ನೆಗಳನ್ನು ಪ್ರತಿ ಅಧಿವೇಶನದಲ್ಲೂ ಬಿಡದೆ ಕೇಳಿದ್ದರೆ ದುರಂತ ತಪ್ಪುತ್ತಿತ್ತೆಂದು ಪ್ರಮಾಣ ಮಾಡಿ ಹೇಳಲಾಗದು. ಆದರೆ 'ಅಪಾಯ ಇಲ್ಲ' ಎಂಬ ಮಾತಿಗೆ ಆಧಾರವೇನೆಂದು ಯಾರಾದರೂ ಒಬ್ಬ ಅಧಿಕಾರಿ ಕಾರ್ಖಾನೆಯೊಳಗೆ ಹೋಗಿ ನೋಡಬೇಕಾಗುತ್ತಿತ್ತು. 'ಅಪಾಯವಿದೆಯೇ?' ಎಂಬುದಕ್ಕೆ 'ಇಲ್ಲ' ಎನ್ನುವುದು ಸುಲಭ. 'ಮಾಪಕ ಎಷ್ಟು ತೋರಿಸುತ್ತಿದೆ?' ಎಂಬುದಕ್ಕೆ 'ಇಲ್ಲ' ಎನ್ನಲಾಗದು.

ಭರವಸೆಯ ಬೆನ್ನು ಹತ್ತುವುದು

ಉತ್ತರ ಬಂದೊಡನೆ ಕೆಲಸ ಮುಗಿಯಲಿಲ್ಲ. 'ಪರಿಶೀಲಿಸಲಾಗುವುದು', 'ಮಾಹಿತಿ ಸಂಗ್ರಹಿಸಲಾಗುತ್ತಿದೆ', 'ಸೂಕ್ತ ಕ್ರಮ ಕೈಗೊಳ್ಳಲಾಗುವುದು'. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತುಗಳು ಎಲ್ಲ ಸರ್ಕಾರಗಳಿಗೂ ಪ್ರಿಯ. ಇವುಗಳ ಬೆನ್ನು ಹತ್ತಲೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸದನದಲ್ಲಿ ಸಚಿವರು ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು; ಆಗದಿದ್ದರೆ ಕಾರಣ ಹೇಳಿ ಅವಧಿ ಕೇಳಬೇಕು. ನಮ್ಮ ರಾಜ್ಯದ ಶಾಸನಸಭೆಯಲ್ಲೂ ಇಂಥ ಸಮಿತಿ ಇದೆ.

ಗದ್ದಲದಿಂದ ಆಗುವ ನಿಜವಾದ ನಷ್ಟವೂ ಇಲ್ಲಿಯೇ ಅರ್ಥವಾಗುತ್ತದೆ. ಪ್ರಶ್ನೋತ್ತರ ವೇಳೆ ಕೊಚ್ಚಿಹೋದ ದಿನ ಚುಕ್ಕೆ ಗುರುತಿನ ಪ್ರಶ್ನೆಗಳಿಗೂ ಕಾಗದದ ಉತ್ತರವೇನೋ ಸಿಗುತ್ತದೆ. ಹೋಗುವುದು ಉಪಪ್ರಶ್ನೆ. ಇಲಾಖೆಯವರು ಬರೆದು ಕೊಟ್ಟದ್ದನ್ನು ಬಿಟ್ಟು ಸಚಿವರು ಸ್ವಂತ ತಿಳಿವಳಿಕೆಯಿಂದ ಮಾತಾಡಬೇಕಾದ ಕ್ಷಣವೇ ಇಲ್ಲವಾಗುತ್ತದೆ. 1893ರ ಭಿಂಗಾದ ರಾಜರಿಗೆ ಇಲ್ಲದಿದ್ದ ಹಕ್ಕನ್ನು ನಾವು ಪಡೆದೂ ಕೈಯಾರೆ ಚೆಲ್ಲಿದಂತೆ.

ಪ್ರಶ್ನೆಗೆ ಬೆಲೆ ಇದೆ ಎಂಬುದನ್ನು ಕಳ್ಳದಾರಿ ಹಿಡಿದವರೂ ಬಲ್ಲರು. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ ಲೋಕಸಭೆಯ ಹತ್ತು, ರಾಜ್ಯಸಭೆಯ ಒಬ್ಬ ಸದಸ್ಯರನ್ನು ಸಂಸತ್ತು ಉಚ್ಚಾಟಿಸಿತು.

ನಾವೂ ಬರೆದು ನೋಡೋಣ

ವಿದ್ಯಾರ್ಥಿ ಮಿತ್ರರೇ, ಈಗ ಒಂದು ಅಭ್ಯಾಸ. ನಿಮ್ಮೂರಿಗೆ ಬೆಳಗಿನ ಬಸ್ಸು ಸರಿಯಾಗಿ ಬರುವುದಿಲ್ಲ ಎಂದುಕೊಳ್ಳಿ. 'ನಮ್ಮೂರಿಗೆ ಬಸ್ಸು ಏಕೆ ಸರಿಯಾಗಿ ಬರುವುದಿಲ್ಲ?' ಎಂದು ಕೇಳಿದರೆ ಬರುವ ಉತ್ತರ ನಾನೇ ಹೇಳುತ್ತೇನೆ: 'ಸಮರ್ಪಕವಾಗಿ ಸಂಚರಿಸುತ್ತಿವೆ'. ವಿಧಾನಸಭೆಯ ಪ್ರಶ್ನೆಗಳನ್ನು (ಅ), (ಆ), (ಇ) ಎಂದು ವಿಂಗಡಿಸಿ ಬರೆಯುತ್ತಾರೆ. ನೀವೂ ಹಾಗೆಯೇ ಬರೆಯಿರಿ.

(ಅ) ಇಂಥ ಗ್ರಾಮಕ್ಕೆ ಬೆಳಿಗ್ಗೆ 7ರಿಂದ 9 ಗಂಟೆಯೊಳಗೆ ಮಂಜೂರಾದ ಟ್ರಿಪ್‌ಗಳೆಷ್ಟು?

(ಆ) ಕಳೆದ ಮೂರು ತಿಂಗಳಲ್ಲಿ ಅವುಗಳಲ್ಲಿ ರದ್ದಾದವು ಎಷ್ಟು, ಯಾವ ದಿನಗಳಲ್ಲಿ, ಯಾವ ಕಾರಣಕ್ಕೆ?

(ಇ) ಆ ಡಿಪೊದಲ್ಲಿ ಇರಬೇಕಾದ ಬಸ್ಸು, ಚಾಲಕರು, ನಿರ್ವಾಹಕರು ಎಷ್ಟು. ಈಗ ಇರುವವರು ಎಷ್ಟು?

(ಈ) ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಆರಂಭವಾದ ಮೇಲೆ ಈ ಮಾರ್ಗಕ್ಕೆ ಸೇರಿಸಿದ ಬಸ್ಸುಗಳೆಷ್ಟು? (ವಿವರ ನೀಡುವುದು)

ಗಮನಿಸಿದಿರಾ? ಇಲ್ಲಿ ಯಾರನ್ನೂ ಬೈದಿಲ್ಲ. ಒಂದೊಂದು ಪ್ರಶ್ನೆಗೂ ಅಂಕಿಯೋ ತಾರೀಖೋ ಉತ್ತರವಾಗಬೇಕು. ಕೇಳಿದ್ದೆಲ್ಲ ಡಿಪೊದ ಪುಸ್ತಕದಲ್ಲಿ ಇರುವಂಥದ್ದೇ. ಇದನ್ನು ನಿಮ್ಮ ಕ್ಷೇತ್ರದ ಶಾಸಕರಿಗೆ ಬರೆದು ಕಳಿಸಬಹುದು. ಒಳ್ಳೆಯ ಶಾಸಕರು ಇಂಥ ಸಿದ್ಧ ಪ್ರಶ್ನೆಗಾಗಿ ಕಾದಿರುತ್ತಾರೆ. ಅವರು ಕೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ತಂದೆತಾಯಿಯರೇ ಹತ್ತು ರೂಪಾಯಿ ಶುಲ್ಕ ಕಟ್ಟಿ ಇಲಾಖೆಯನ್ನು ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಆ ಅರ್ಜಿಗೂ ಒಂದೇ ವಿಷಯ, 150 ಪದ ಎಂಬ ಮಿತಿಯಿದೆ. ಸಂಸತ್ತಿನ ಹಳೆಯ ಪ್ರಶ್ನೋತ್ತರಗಳು ಅದರ ಜಾಲತಾಣದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ. ಸಮಾಜ ವಿಜ್ಞಾನದ ಯೋಜನಾ ಕಾರ್ಯಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ.

ಕೊನೆಯದಾಗಿ ಪಾಲಕರಲ್ಲಿ ಒಂದು ಮಾತು. ಮಗು 'ಎಷ್ಟು? ಯಾವಾಗ? ಯಾರು ನೋಡಿದರು?' ಎಂದು ಕೇಳಿದಾಗ 'ಅಧಿಕಪ್ರಸಂಗ ಮಾಡಬೇಡ' ಎಂದು ಗದರಿ ಕೂರಿಸುವುದು ನಮ್ಮ ಮನೆಗಳ ರೂಢಿ. ಶಾಲೆಗಳಲ್ಲೂ ಇದು ಕಡಿಮೆಯೇನಿಲ್ಲ. ಹೀಗೆ ಬಾಯಿ ಮುಚ್ಚಿಸಿಕೊಂಡ ಮಗು ನಾಳೆ ಮತದಾರನಾಗಿ, ಶಾಸಕನಾಗಿ, ಕಾರ್ಖಾನೆಯನ್ನು ತಪಾಸಣೆ ಮಾಡುವ ಅಧಿಕಾರಿಯಾಗಿ 'ಅಪಾಯ ಇಲ್ಲ' ಎಂಬ ಮಾತನ್ನು ನಂಬಿ ಸಹಿ ಹಾಕಿಬಿಡುತ್ತದೆ. ಇಂದು ಸಂಜೆ ಮಗ ಅಥವಾ ಮಗಳು ಕೇಳುವ ಮರುಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, 'ಗೊತ್ತಿಲ್ಲ, ಲೆಕ್ಕ ಎಲ್ಲಿದೆಯೋ ಅಲ್ಲಿ ಹೋಗಿ ನೋಡೋಣ' ಎಂದು ಹೇಳಿ, ಜೊತೆಯಲ್ಲೇ ಹೊರಡಿ.